ಮಾವನ ಜೀಪಿನ ವೈರಿಂಗ್

ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮಣ್ಣನದೂ ನನ್ನದೂ ಕೂಡಿ ಒಂದು ಆಟೋ ಎಲೆಕ್ಟ್ರಿಕ್ ಅಂಗಡಿ ಇತ್ತು. ತೊಂಬತ್ತರ ಆಸುಪಾಸಿನ ಮಾತು. ಟ್ರ್ಯಾಕ್ಟರಿನ ಡೈನಮೋ, ಲಾರಿಯ ಸೆಲ್ಫು, ಇದೇ ನಮ್ಮ ದಿನದ ಕೆಲಸ. ನನಗೆ ಕೆಲಸ ಕಲಿಸಿದವನು ಅಣ್ಣನೇ. ಅದನ್ನು ಈಗಲೂ ಇಲ್ಲ ಅನ್ನುವುದಿಲ್ಲ.

ಮುಕ್ಕುಂದದ ನಮ್ಮ ಸೋದರಮಾವನ ಹತ್ತಿರ ಹಳೆಯದೊಂದು ಪೆಟ್ರೋಲ್ ಜೀಪಿತ್ತು. ಅವನ ಮಗಳನ್ನು ನನಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು, ಶಾಸ್ತ್ರವೊಂದು ಆಗಿರಲಿಲ್ಲ. ಎಂಜಿನ್ನಿಗೆ ಕಿಡಿ ಕೊಡಿಸುವ ಜೀಪಿನ ಪಾಯಿಂಟು ಮೇಲಿಂದ ಮೇಲೆ ಸುಟ್ಟು ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಬೇಸತ್ತ ಮಾವ ಹೈದರಾಬಾದಿನಿಂದ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ತಂದ. ಪಾಯಿಂಟಿನ ಕೆಲಸವನ್ನೆಲ್ಲ ಅದೇ ಮಾಡುತ್ತದಂತೆ.

ಚಾವಿಯಿಂದ ಕಿಡಿ ಹುಟ್ಟಿಸುವ ಕಾಯಿಲಿಗೆ ಬರುವ ಕಂಪನಿ ವೈರು ಬೇಕಂತಲೇ ಕರೆಂಟು ಕಡಿಮೆ ಬಿಡುವಂಥದ್ದು. ಪಾಯಿಂಟು ಸುಡಬಾರದೆಂದು ಹಾಗೆ ಮಾಡಿರುತ್ತಾರೆ. ಹೊಸ ಪೆಟ್ಟಿಗೆಗೆ ಮಾತ್ರ ಬ್ಯಾಟರಿಯ ಪೂರ್ತಿ ಕರೆಂಟು ಬೇಕು. ನಾನು ಆ ವೈರಿಗೆ ಬಲ್ಬು ಹಿಡಿದು ನೋಡಿದರೆ ಮಂದ ಉರಿಯಿತು.

"ಅಣ್ಣ, ಚಾವಿಯಿಂದ ಹೊಸಾ ವೈರು ಎಳಿಯೂಣು. ಇದರಾಗ ಪೆಟ್ಟಿಗಿ ನಡಿಯಂಗಿಲ್ಲ."

"ಲೇ ತಮ್ಮಾ, ಕಂಪನಿಯವ್ರು ಸುಮ್ನ ಹಾಕ್ಯಾರೇನು? ಮಾವ ಹೊರಗ ಕುಂತಾನ, ಜಲ್ದಿ ಸರಿ" ಎಂದು ಅಣ್ಣ ತಾನೇ ಕೂತು ಹಳೇ ವೈರಿಗೆ ಜೋಡಿಸಿ ಟೇಪು ಸುತ್ತಿದ. ಗಾಡಿ ಎದ್ದಿತು. ಯಾರು ಮಾಡಿದರೆಂದು ಕೇಳದೆ ಮಾವ ಅಣ್ಣನ ಬೆನ್ನು ತಟ್ಟಿ ಹೋದ.

ಮುಂದಿನ ವಾರ ಮಾವ ನೆಂಟರನ್ನು ಕೂಡಿಸಿಕೊಂಡು ಲಿಂಗಸುಗೂರಿಗೆ ಮದುವೆಗೆ ಹೊರಟಿದ್ದ. ಮಸ್ಕಿಯಲ್ಲಿ ಚಹಾಕ್ಕೆ ನಿಂತ ಮೇಲೆ, ಕಾದ ವೈರಿನಲ್ಲಿ ಕರೆಂಟು ಇನ್ನೂ ಕಡಿಮೆಯಾಗಿ ಜೀಪು ಏಳಲೇ ಇಲ್ಲ. ಹೆಂಗಸರು ರೇಷ್ಮೆ ಸೀರೆಯಲ್ಲಿ ಬಿಸಿಲಿಗೆ ನಿಂತರಂತೆ, ಹಿರಿಯರು ಧೋತರ ಎತ್ತಿ ಕಟ್ಟಿ ತಳ್ಳಿದರಂತೆ. ಕೊನೆಗೆ ಬಸ್ ಹಿಡಿದು ಮುಟ್ಟುವಷ್ಟರಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದು, ಊಟವೂ ಮುಗಿದಿತ್ತು.

ಮರುದಿನ ಮಾವ ಅಂಗಡಿಗೆ ಬಂದ. ಕೂಡ್ರಿ ಅಂದರೆ ಕೂಡಲಿಲ್ಲ.

"ವೈರಿಂಗ್ ಯಾರು ಮಾಡಿದ್ದು?"

ಅಣ್ಣ ಡೈನಮೋದ ಆರ್ಮೇಚರ್ ಒರೆಸುತ್ತಲೇ ಹೇಳಿದ. "ತಮ್ಮ ಮಾಡಿದ್ದ, ಮಾವ. ಹುಡುಗಬುದ್ಧಿ. ನಾ ನೋಡಿದ್ದಿಲ್ಲ."

"ಮಾವ, ನಾ ಅಲ್ರೀ..." ಅಂದೆ.

"ಅಣ್ಣಗ ಎದುರು ಮಾತಾಡಬ್ಯಾಡ" ಅಂದುಬಿಟ್ಟ ಮಾವ.

ಆ ಜೀಪಿಗೆ ಹೊಸ ವೈರು ಎಳೆದುಕೊಟ್ಟವನು ನಾನು. ಆಮೇಲೆ ಅದು ಎಲ್ಲೂ ನಿಲ್ಲಲಿಲ್ಲ. ಅಣ್ಣ ಕೈ ಹಚ್ಚಿದ ಮೇಲೆ ಸರಿಯಾಯಿತು ಎಂದು ಮಾವ ಊರೆಲ್ಲ ಹೇಳಿಕೊಂಡು ತಿರುಗಿದ. ಮಗಳನ್ನು ಲಿಂಗಸುಗೂರಿನ ಕಡೆ ಕೊಟ್ಟ. "ನಿನ್ನ ಸಣ್ಣ ಮಗಗ ಜವಾಬ್ದಾರಿ ಇಲ್ಲ" ಎಂದು ಅವ್ವನ ಮುಂದೆ ಅಂದನಂತೆ. ಅವ್ವ ಅದನ್ನು ನನಗೆ ಊಟಕ್ಕೆ ಬಡಿಸುತ್ತ ಹೇಳಿದಳು.

"ಯಾಕ ಹಂಗಂದಿ?" ಎಂದು ಅಣ್ಣನನ್ನು ಕೇಳಿದೆ.

"ನನ್ನ ಹೆಸರು ಕೆಟ್ಟರ ಅಂಗಡಿ ನಡಿತಿತ್ತೇನು? ನೀ ಸಣ್ಣಾವ, ನಿನಗ ಮಾಫ್ ಮಾಡ್ತಾರ."

ಯಾರೂ ಮಾಫ್ ಮಾಡಲಿಲ್ಲ. ನಾನು ಮಸ್ಕಿಯಲ್ಲಿ ಬೇರೆ ಅಂಗಡಿ ಹಾಕಿದೆ. ಒಮ್ಮೆ ಅಣ್ಣ ದಾರಿಯಲ್ಲಿ ಇಳಿದು ಬಂದ. ಮಕ್ಕಳ ಸಾಲಿ, ಕಾಲುವೆ ನೀರು, ಭತ್ತದ ರೇಟು, ಎಲ್ಲ ಮಾತಾಡಿದ. ಜೀಪಿನ ಆ ಒಂದು ಮಾತು ಈಗ ಬಂದೀತು, ಈಗ ಬಂದೀತು ಎಂದು ಕಾದೆ. "ಚಲೋ ಮಾಡಾಕತ್ತಿ" ಅಂದು ಬಸ್ಸಿಗೆ ಹೋದ.

ಅವ್ವ ಇರುವ ತನಕ ಹಬ್ಬಕ್ಕೆ ಸಿಂಧನೂರಿಗೆ ಹೋಗುತ್ತಿದ್ದೆ. ಈಗ ಅದೂ ಇಲ್ಲ.