ದನಿ ಹೋದ ಮಾಸ್ತರರ ಪ್ರಶ್ನೆಗಳು

ತಿರುಮಲೇಶ್ವರ ಮಾಸ್ತರರು ಮೈದಾನದಲ್ಲಿ ನಿಂತು ‘ಸಾವಧಾನ್’ ಎಂದರೆ ಮಕ್ಕಳಷ್ಟೇ ಅಲ್ಲ, ರಸ್ತೆಯಾಚೆ ರಬ್ಬರ್ ಟ್ಯಾಪಿಂಗ್ ಮಾಡುವವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಮರ್ಕಂಜದಲ್ಲಿ ಹುಟ್ಟಿ, ನೆಟ್ ಇಲ್ಲದೆ ಹಗ್ಗ ಕಟ್ಟಿ ವಾಲಿಬಾಲ್ ಕಲಿತು, ಗುತ್ತಿಗಾರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷದಿಂದ ದೈಹಿಕ ಶಿಕ್ಷಕರಾಗಿದ್ದವರ ಬಂಡವಾಳವೆಲ್ಲ ಆ ಗಂಟಲೇ. ಕಳೆದ ಬೇಸಿಗೆಯಲ್ಲಿ ಅದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಉಳಿದದ್ದು ತೂತಾದ ಚೆಂಡಿನಿಂದ ಗಾಳಿ ಸೋರುವಂಥ ದನಿ.

ಮೈದಾನದಲ್ಲಿ ಸೀಟಿ ಉಂಟು, ಕೈ ಉಂಟು, ಹೇಗೋ ನಡೆಯಿತು. ಆಟದ ನಿಯಮ ಹೇಳಿಕೊಡುವ ಬುಧವಾರದ ಥಿಯರಿ ತರಗತಿ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅವರು ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಮೀನು ಮಾರ್ಕೆಟ್.

ಹೆಡ್‌ಮಾಸ್ತರ್ ಹರಿಪ್ರಸಾದರು ಒಳ್ಳೆಯವರು. ಒಳ್ಳೆಯವರಾದದ್ದರಿಂದಲೇ ಅವರ ಮಾತು ಹೆಚ್ಚು ಚುಚ್ಚಿತು. “ಆ ಪಿರಿಯಡನ್ನು ಗಣಿತದವರಿಗೆ ಕೊಡುವ. ಸರ್ವೀಸ್ ಇನ್ನು ಎರಡು ವರ್ಷ ಇರುದು ನಿಮಗೆ. ಕಷ್ಟ ಆಗುದಾದ್ರೆ ಸ್ವಯಂ ನಿವೃತ್ತಿಯೂ ಉಂಟಲ್ಲ? ಅರ್ಧವಾರ್ಷಿಕ ಪರೀಕ್ಷೆ ಮುಗಿಯಲಿ, ನೋಡುವ.”

ಮಾಸ್ತರರಿಗೆ ಆ ರಾತ್ರಿ ಊಟ ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕೆ ಕಾರಣ ಗಾಯವಲ್ಲ.

ನೆರವಿಗೆ ಬಂದವಳು ವಿಜ್ಞಾನದ ರುಕಿಯಾ ಟೀಚರ್. ಇದೇ ಶಾಲೆಯಲ್ಲಿ ಅವರ ಕೈಕೆಳಗೆ ಓಡಿ ಬೆಳೆದವಳು. ಒಂದು ಕಟ್ಟು ರಟ್ಟಿನ ಕಾರ್ಡು ತಂದು ಮೇಜಿನ ಮೇಲಿಟ್ಟಳು. ಮಗುವಿಗೊಂದು ಕಾರ್ಡು, ಕಾರ್ಡಿನಲ್ಲಿ ಕಪ್ಪು ಬಿಳಿ ಚೌಕಗಳು, ನಾಲ್ಕು ಅಂಚಿಗೆ ಎ, ಬಿ, ಸಿ, ಡಿ. ಪ್ರಶ್ನೆ ಸ್ಮಾರ್ಟ್ ಕ್ಲಾಸಿನ ಟಿ.ವಿ.ಯಲ್ಲಿ ಬರುತ್ತದೆ, ಯಾವ ಅಂಚು ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಉತ್ತರ. ಮಾಸ್ತರರು ಫೋನಿನ ಕ್ಯಾಮೆರಾವನ್ನು ಕಾರ್ಡುಗಳತ್ತ ಹಿಡಿದರೆ ಯಾರದ್ದು ಸರಿ, ಯಾರದ್ದು ತಪ್ಪು ಎಂದು ಟಿ.ವಿ.ಯಲ್ಲಿ ಮೂಡುತ್ತದೆ.

“ಫೋನಿನಲ್ಲಿ ಕಬಡ್ಡಿ ಆಡಿದ್ರೆ ಬೆವರು ಯಾರಿಗೆ ಬರುದು?” ಎಂದು ಅವರು ಉಸಿರಿನಲ್ಲೇ ಗೊಣಗಿದರು.

“ಬೆವರು ಮೈದಾನದಲ್ಲಿ ಬರ್ಲಿ ಸರ್. ಇಲ್ಲಿ ಬುದ್ಧಿ ಬಂದ್ರೆ ಸಾಕು.”

ಮುಂದಿನ ಬುಧವಾರ ಮೊದಲ ಪ್ರಶ್ನೆ: ಕಬಡ್ಡಿಯಲ್ಲಿ ಎದುರಿಗೆ ಐವರೇ ಇದ್ದಾಗ ರೈಡರ್ ಬೋನಸ್ ಗೆರೆ ದಾಟಿದರೆ ಎಷ್ಟು ಪಾಯಿಂಟು? ನಲವತ್ತು ಕಾರ್ಡು ಎದ್ದವು. ಇಪ್ಪತ್ತಾರು ತಪ್ಪು. ಅದರಲ್ಲಿ ಶಾಲಾ ತಂಡದ ರೈಡರ್ ಭವಿತನದ್ದೂ ಒಂದು.

“ಒಂದು ಪಾಯಿಂಟು ಸಿಕ್ಕಲೇಬೇಕು!” ಎಂದು ಅವನು ಎದ್ದು ನಿಂತ.

ಎಂದೂ ಕಬಡ್ಡಿ ಆಡದ ಜುಮಾನಾ ತಿರುಗಿ ನೋಡಿದಳು. “ಸೊನ್ನೆ ಮಾರಾಯ. ಆರು ಜನ ಆದ್ರೂ ಇದ್ರೆ ಮಾತ್ರ ಬೋನಸ್. ಹೋದ ವರ್ಷ ಪಂಜದ ಟೂರ್ನಮೆಂಟಲ್ಲಿ ನೀನು ಅಂಪೈರಿಗೆ ಬಾಯಿಗೆ ಬಂದ ಹಾಗೆ ಬೈದದ್ದು ಇದಕ್ಕೇ ಅಲ್ವಾ?”

“ನಿನಗೆ ಯಾರು ಹೇಳಿದ್ದು?”

“ಪುಸ್ತಕದಲ್ಲಿ ಉಂಟು. ನೀನು ಅದನ್ನು ಬಿಡಿಸಿದ್ರೆ ಅಲ್ವಾ!”

ತರಗತಿ ನಕ್ಕಿತು. ಭವಿತ್ ಬಿಡಲಿಲ್ಲ, ಚಾಕ್ ಹಿಡಿದು ನೆಲದ ಮೇಲೆ ಅಂಕಣ ಬರೆದ. ಮಕ್ಕಳೇ ಐವರನ್ನು ನಿಲ್ಲಿಸಿದರು, ಆರನೆಯವನನ್ನು ಕರೆದರು, ಪುಸ್ತಕ ತೆರೆದರು, ವಾದಿಸಿದರು. ಕೊನೆಗೆ ಭವಿತನೇ “ಹೌದು, ಸೊನ್ನೆ” ಎಂದು ಕಿವಿ ಹಿಡಿದುಕೊಂಡ.

ಮಾಸ್ತರರು ಕಿಟಕಿಗೆ ಒರಗಿ ನಿಂತಿದ್ದರು. ಈ ನಿಯಮವನ್ನು ಅವನಿಗೆ ಎಷ್ಟು ಸಲ ಕೂಗಿ ಹೇಳಿದ್ದರೋ. ಕಿವಿಯ ತನಕ ಹೋಗಿತ್ತು, ತಲೆಗೆ ಇಳಿದಿರಲಿಲ್ಲ. ತಾನು ಮೂವತ್ತು ವರ್ಷ ಮಾತಾಡಿದ್ದರಲ್ಲಿ ಮಕ್ಕಳಿಗೆ ಮಾತಾಡಲು ಜಾಗವೇ ಇರಲಿಲ್ಲವಲ್ಲ ಎಂದು ಅವರಿಗೆ ಹೊಳೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಈಗಲಾದರೂ ಕಂಡಿತಲ್ಲ ಎಂದು ಸಮಾಧಾನವಾಯಿತು.

ಅರ್ಧವಾರ್ಷಿಕದಲ್ಲಿ ಥಿಯರಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಪಾಸು. ಮರುವಾರ ಹರಿಪ್ರಸಾದರು ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಕಾರ್ಡು ಎತ್ತಿದರು. ಅವರದ್ದು ತಪ್ಪಾಯಿತು. ಮಕ್ಕಳ ನಗುವಿಗೆ ಹೆಂಚು ಹಾರುವುದೊಂದು ಬಾಕಿ.

“ಗಣಿತಕ್ಕೆ ಬೇರೆ ಪಿರಿಯಡ್ ನೋಡುವ,” ಎಂದು ಅವರೂ ನಗುತ್ತಾ ಎದ್ದರು. “ಇದು ನಿಮ್ಮದೇ ಮಾಸ್ಟ್ರೆ. ಎರಡು ವರ್ಷವೂ.”

ಮಾಸ್ತರರು ನೇರ ಲ್ಯಾಬಿಗೆ ನಡೆದು ರುಕಿಯಾಳ ಎದುರು ಕೈ ಮುಗಿದರು. “ದೊಡ್ಡ ಉಪಕಾರ ಆಯ್ತು ಟೀಚರ್.”

“ಎಂತ ಸರ್ ನೀವು, ನನಗೆ ಕೈ ಮುಗಿಯುದಾ? ಉಪಕಾರ ಎಲ್ಲ ಇರ್ಲಿ. ಬರುವ ವಾರದ ಪ್ರಶ್ನೆ ಸರಿಯಾಗಿ ಟೈಪ್ ಮಾಡಿ ಮಾರಾಯ್ರೆ. ಈ ಸಲ ಥ್ರೋಬಾಲ್ ಹೋಗಿ ‘ಥೂ ಬಾಲ್’ ಆಗಿತ್ತು!”

ಮಾಸ್ತರರು ನಕ್ಕರು. ಸದ್ದೇನೂ ಬರಲಿಲ್ಲ, ಹೆಗಲು ಮಾತ್ರ ಬಹಳ ಹೊತ್ತು ಕುಲುಕುತ್ತಿತ್ತು.