ದೊಡ್ಡವ್ವನ ಸುತ್ತ ಕೆಂಪು ಚೌಕ

ಬಂಡವಾಳ ಕೇಳಲು ಹೋದಲ್ಲೆಲ್ಲ ನನಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಯಂತ್ರದ್ದಲ್ಲ, ಊರಿನದು. ಯಾದಗಿರಿ ಎಲ್ಲಿದೆ ಎಂದು ಕೇಳುತ್ತಿದ್ದರು. ರೈಲು ನಿಲ್ಲುತ್ತದೆ, ಬಂದು ನೋಡಿ ಎನ್ನುತ್ತಿದ್ದೆ. ಸೈನ್ಯಕ್ಕೆ ಬೇಕಾದ ಸಾಮಾನು ಮಾಡುವ ಕಂಪನಿ ಅಲ್ಲೇಕೆ ಎಂಬುದು ಎರಡನೆಯ ಪ್ರಶ್ನೆ. ನಾವು ಅಲ್ಲಿದ್ದೇವೆ, ಅದಕ್ಕೆ ಎನ್ನುತ್ತಿದ್ದೆ. ನನ್ನ ಮಾತು ಸ್ವಲ್ಪ ಒರಟು. ಬೆಂಗಳೂರಿನ ಒಬ್ಬ ಹೂಡಿಕೆದಾರರು ಅದನ್ನು ಆತ್ಮವಿಶ್ವಾಸ ಎಂದುಕೊಂಡರು, ಮತ್ತೊಬ್ಬರು ಸೊಕ್ಕು ಎಂದುಕೊಂಡರು. ಇಬ್ಬರೂ ರೊಕ್ಕ ಕೊಡಲಿಲ್ಲ.

ನಾವು ಎಂದರೆ ಇಬ್ಬರು. ನಾನು ರಂಗಂಪೇಟೆಯವಳು. ನನ್ನ ಜೊತೆಗಾರ ಶಹಾಪುರದವನು, ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ತರಗತಿಯವನು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತಾನೆ, ನನ್ನೊಡನೆ ಕನ್ನಡ, ಯಂತ್ರ ಕೈಕೊಟ್ಟಾಗ ಎರಡೂ ಸೇರಿದ ಬೈಗುಳ. ಯಾದಗಿರಿಯ ಸ್ಟೇಷನ್ ರಸ್ತೆಯ ಹಿಂದೆ, ಮೊದಲು ಹತ್ತಿ ತುಂಬುತ್ತಿದ್ದ ಒಂದು ಗೋದಾಮನ್ನು ಬಾಡಿಗೆಗೆ ಹಿಡಿದು, ನಾಲ್ಕಾರು ಕೆಲಸದವರನ್ನು ಇಟ್ಟುಕೊಂಡು ಚಿಕ್ಕ ಡ್ರೋನ್ ಮಾಡುತ್ತಿದ್ದೆವು. ಅದರ ಹೊಟ್ಟೆಯಲ್ಲಿ ಮೈಯ ಕಾವನ್ನು ಕಾಣುವ ಕ್ಯಾಮೆರಾ. ಕತ್ತಲಿರಲಿ, ಮಂಜಿರಲಿ, ಜಾಲಿಕಂಟಿಯ ಪೊದೆಯ ನಡುವೆ ಮನುಷ್ಯನಿದ್ದರೆ ಕೆಳಗೆ ಕುಳಿತವರ ಪರದೆಯ ಮೇಲೆ ಬೆಳ್ಳಗೆ ತೋರಿಸುತ್ತದೆ.

ಇದನ್ನು ಮಾಡಬೇಕೆನಿಸಿದ್ದು ತಮ್ಮನಿಂದ. ತಮ್ಮ ಎಂದರೆ ದೊಡ್ಡವ್ವನ ಮಗ. ದೊಡ್ಡವ್ವ ನನ್ನ ತಾಯಿಯ ಅಕ್ಕ, ಹತ್ತಿಕುಣಿಯಲ್ಲಿ ಅವಳ ಮನೆ, ಹೊಲ. ತಮ್ಮ ಸೈನ್ಯ ಸೇರಿ ಗಡಿಯ ಕಾವಲಿನಲ್ಲಿದ್ದಾನೆ. ಒಮ್ಮೆ ರಜೆಗೆ ಬಂದಾಗ ಊಟಕ್ಕೆ ಕುಳಿತು ಹೇಳಿದ: “ಅಕ್ಕಾ, ಕತ್ತಲದಾಗ ಸಪ್ಪಳಾದ್ರ ನರಿನೋ ಮನಷ್ಯಾನೋ ತಿಳಿಯಂಗಿಲ್ಲ. ತಿಳಿಯೋ ತನಕ ಜೀವ ಬಾಯಿಗೆ ಬಂದಿರ್ತದ.” ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಂತಿತು. ಆಮೇಲೆ ನನ್ನ ಕಡೆ ತಿರುಗಿ, “ನೀ ಇಷ್ಟ ಓದೀದಿ, ಇದಕ್ಕೇನರ ಮಾಡಾಕ ಬರಂಗಿಲ್ಲೇನ?” ಎಂದಳು. ನಾನು ನೌಕರಿ ಬಿಟ್ಟಿದ್ದು ಆ ಒಂದು ಮಾತಿಗೆ ಎಂದರೆ ನನ್ನ ಗಂಡ ಈಗಲೂ ನಂಬುವುದಿಲ್ಲ.

ನಮ್ಮ ಬಳಗದಲ್ಲಿ ಕೆಲವರಿಗೆ ಈ ಕೆಲಸ ಸೇರುವುದಿಲ್ಲ. ಮಂದೀನ ಸಾಯಿಸೋ ಧಂದೆ ಎನ್ನುತ್ತಾರೆ. ಅವರ ಮನೆಗಳ ಹುಡುಗರೂ ಪ್ರತಿ ವರ್ಷ ಸೈನ್ಯದ ಭರ್ತಿಗೆ ಓಡುತ್ತಾರೆ, ಆಯ್ಕೆಯಾದರೆ ಊರಿಗೆಲ್ಲ ಪೇಢೆ ಹಂಚುತ್ತಾರೆ. ಹುಡುಗ ಹೋಗಬಹುದು, ಅವನ ಕೈಯಲ್ಲಿ ಒಂದು ಒಳ್ಳೆಯ ಯಂತ್ರ ಇರಬಾರದು ಎಂದರೆ ನನಗೆ ಸಿಟ್ಟು ಬರುತ್ತದೆ. ಈಗಲೂ ಬರುತ್ತದೆ.

ಹೂಡಿಕೆದಾರರ ಹೆದರಿಕೆ ಬೇರೆ. ಬೇರೆ ಸಾಮಾನಿಗೆ ಸಾವಿರ ಗಿರಾಕಿ, ಇದಕ್ಕೆ ಒಬ್ಬನೇ, ಅದೂ ಸರ್ಕಾರ. ಆ ಗಿರಾಕಿ ಯಂತ್ರ ತರಿಸಿ ಪರೀಕ್ಷಿಸುತ್ತಾನೆ, ತಿದ್ದಿ ತನ್ನಿ ಎನ್ನುತ್ತಾನೆ, ಮತ್ತೆ ಪರೀಕ್ಷಿಸುತ್ತಾನೆ. ಕೊಳ್ಳುವ ಹೊತ್ತಿಗೆ ಚಿಕ್ಕ ಕಂಪನಿಯ ಉಸಿರು ನಿಂತಿರುತ್ತದೆ. ಆ ನಡುವಿನ ಕಾಲವನ್ನು ದಾಟಿಸುವುದಕ್ಕೇ ನಮಗೆ ಬಂಡವಾಳ ಬೇಕಿತ್ತು. ಕೇಳುತ್ತ ಕೇಳುತ್ತ ನಮ್ಮ ಉಳಿತಾಯ ಕರಗಿತು. ನನ್ನ ಜೊತೆಗಾರ ತಂಗಿಯ ಮದುವೆಗೆಂದು ಇಟ್ಟಿದ್ದನ್ನೂ ತಂದು ಹಾಕಿದ. ಕಡೆಗೆ ಮುಂಬೈಯ ಒಂದು ಹೂಡಿಕೆ ಸಂಸ್ಥೆ ನಮ್ಮನ್ನು ಕಿವಿಗೊಟ್ಟು ಕೇಳಿತು. ಅದೂ ಕೈಬಿಟ್ಟರೆ ಗೋದಾಮಿಗೆ ಬೀಗ ಹಾಕುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಆ ಸಂಸ್ಥೆಯವರು ಹೇಳಿದ್ದು ಇಷ್ಟು: ಮನುಷ್ಯನನ್ನು ತೋರಿಸುವ ಡ್ರೋನ್ ಬೇಕಾದಷ್ಟಿವೆ. ಅಪಾಯದ ಮನುಷ್ಯ ಯಾರು, ಸಾದಾ ಮನುಷ್ಯ ಯಾರು ಎಂದು ನಿಮ್ಮದು ಹೇಳಲಿ. ನಾವು ಹಗಲು ರಾತ್ರಿ ಕೂತು ಅದನ್ನೂ ಮಾಡಿದೆವು. ಸಾದಾ ಮನುಷ್ಯ ಕಂಡರೆ ಪರದೆಯ ಮೇಲೆ ಅವನ ಸುತ್ತ ಹಸಿರು ಚೌಕ, ಅಪಾಯ ಎನಿಸಿದರೆ ಕೆಂಪು ಚೌಕ. ಅದನ್ನು ನೋಡಲು ಸಂಸ್ಥೆಯ ಹಿರಿಯರೊಬ್ಬರು ಯಾದಗಿರಿಗೆ ಬಂದರು. ಹೂಡಿಕೆಯ ಷರತ್ತುಗಳ ಕಾಗದ ತಯಾರಾಗಿದೆ, ಯಂತ್ರ ನೋಡಿ ಸಹಿ ಹಾಕುವುದಷ್ಟೇ ಬಾಕಿ ಎಂದು ದಾರಿಯಲ್ಲೇ ಹೇಳಿದರು.

ಪೊಲೀಸರಿಗೆ ತಿಳಿಸಿ, ಹತ್ತಿಕುಣಿ ಕೆರೆಯ ಆಚೆ ನಸುಕಿನಲ್ಲಿ ಡ್ರೋನ್ ಹಾರಿಸಿದೆವು. ಜಾಲಿಕಂಟಿಯಲ್ಲಿ ಅಡಗಿ ಕೂರಲು ನಮ್ಮ ಕೆಲಸದವನೊಬ್ಬನನ್ನು ಕಳಿಸಿದ್ದೆವು. ಯಂತ್ರ ಅವನನ್ನು ಹುಡುಕುವ ಮೊದಲೇ ಪರದೆಯ ಅಂಚಿನಲ್ಲಿ ಇನ್ನೊಂದು ಬೆಳ್ಳಗಿನ ಆಕಾರ ಕಂಡಿತು. ಕೈ ಎತ್ತಿ ತಲೆಯ ಮೇಲೆ ಏನನ್ನೋ ತಿರುಗಿಸಿ ಎಸೆಯಿತು. ಕೂಡಲೇ ಅದರ ಸುತ್ತ ಕೆಂಪು ಚೌಕ ಬಿತ್ತು. ಮುಂಬೈಯವರು ಭೇಷ್ ಎಂದು ನನ್ನ ಜೊತೆಗಾರನ ಬೆನ್ನು ತಟ್ಟಿದರು. ಆ ಮನುಷ್ಯನನ್ನೂ ನಾವೇ ನಿಲ್ಲಿಸಿದ್ದೇವೆ ಎಂದುಕೊಂಡಿದ್ದರು.

ಅದು ದೊಡ್ಡವ್ವ. ತೆನೆಯಲ್ಲಿ ಹಾಲು ತುಂಬಿದ ಬಿಳಿಜೋಳಕ್ಕೆ ಬೆಳಗಾದರೆ ಹಕ್ಕಿ ಮುತ್ತುತ್ತವೆ. ಈಗ ಹೆಚ್ಚಿನವರು ಹೊಲದ ಸುತ್ತ ಹಳೆಯ ಸೀರೆ ಕಟ್ಟಿ ಸುಮ್ಮನಾಗುತ್ತಾರೆ. ದೊಡ್ಡವ್ವ ಮಾತ್ರ ಹೊಲದ ನಡುವಿನ ಅಟ್ಟಣಿಗೆ ಏರಿ, ಹಗ್ಗದ ಕವಣೆಯಲ್ಲಿ ಕಲ್ಲಿಟ್ಟು ಬೀಸುತ್ತಾಳೆ. ಅವಳ ಹೊಲ ಅಷ್ಟು ದೂರ ಇದೆ, ಕ್ಯಾಮೆರಾಕ್ಕೆ ಸಿಗುವುದಿಲ್ಲ ಎಂದು ನಾವು ಲೆಕ್ಕ ಹಾಕಿದ್ದೆವು.

ತಪ್ಪು ಎಲ್ಲಿ ಹುಟ್ಟಿತು ಎಂದು ಅಲ್ಲೇ ಹೊಳೆಯಿತು. ಅಪಾಯದ ಮನುಷ್ಯ ಹೇಗಿರುತ್ತಾನೆ ಎಂದು ಯಂತ್ರಕ್ಕೆ ಕಲಿಸಲು ಚಿತ್ರಗಳು ಬೇಕಿದ್ದವು. ಅಂಥ ಚಿತ್ರ ನಮಗೆ ಯಾರು ಕೊಡಬೇಕು? ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಹಿಂದೆ ನಾವೇ ವೈರಿಗಳಾಗಿ ಬಂಡೆಯಿಂದ ಬಂಡೆಗೆ ಓಡಿ, ಕೈಬಾಂಬ್ ಎಂದುಕೊಂಡು ಕಲ್ಲು ಎಸೆದು ಚಿತ್ರ ಹಿಡಿದಿದ್ದೆವು. ಕೈ ಎತ್ತಿ ಎಸೆದವರೆಲ್ಲ ಅಪಾಯ ಎಂದು ಯಂತ್ರ ಕಲಿತಿತ್ತು.

ನನ್ನ ಜೊತೆಗಾರ ನನ್ನ ಮುಖ ನೋಡಿದ. ಸುಮ್ಮನಿರು ಎನ್ನುತ್ತಿತ್ತು ಅವನ ಕಣ್ಣು. ನಾನು ಸುಮ್ಮನಿರಲಿಲ್ಲ. “ಆಕೆ ನಮ್ಮ ದೊಡ್ಡಮ್ಮ, ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದಾಳೆ. ಯಂತ್ರ ತಪ್ಪು ಹೇಳಿದೆ,” ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಅವರು ನಕ್ಕರು. ಗಡಿಯಲ್ಲಿ ಜೋಳದ ಹೊಲ ಎಲ್ಲಿದೆ ಎಂದು ಕೇಳಿದರು. ಇದೆ, ಬೇಲಿಯ ತನಕ ಬಿತ್ತುವವರಿದ್ದಾರೆ ಎಂದು ತಮ್ಮ ಹೇಳಿದ್ದ, ಅದನ್ನೇ ಹೇಳಿದೆ. ಅವರ ನಗು ನಿಂತಿತು. ಮನುಷ್ಯ ಕೆಟ್ಟವರಲ್ಲ. ಕಾಗದವನ್ನು ಚೀಲಕ್ಕೆ ಸೇರಿಸಿ, ಈ ತಿಂಗಳು ಮುಗಿಯುವುದರೊಳಗೆ ಇದೇ ಹೆಂಗಸು ಇದೇ ಹೊಲದಲ್ಲಿ ಹಸಿರು ಚೌಕದಲ್ಲಿರುವ ಚಿತ್ರ ಕಳಿಸಿ, ಸಹಿ ಮಾಡುತ್ತೇನೆ ಎಂದರು. ಕಳಿಸದಿದ್ದರೆ ಆ ಬಂಡವಾಳ ಕೇಳಿ ನಿಂತ ಇನ್ನೊಂದು ಕಂಪನಿಗೆ ಹೋಗುತ್ತದೆ ಎಂದೂ ಹೇಳಿದರು.

ಅವರನ್ನು ರೈಲು ಹತ್ತಿಸಿ ಬಂದು ದೊಡ್ಡವ್ವನ ಮನೆಗೆ ಹೋದೆವು. ತನ್ನನ್ನು ಟಿವಿಯಲ್ಲಿ ಹಿಡಿದಾರಂತ ಎಂದು ಅವಳಿಗೆ ಸುದ್ದಿ ಆಗಲೇ ಮುಟ್ಟಿತ್ತು. ತೋರಿಸು ಎಂದು ಕೂತಳು. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಚೌಕದ ಮೇಲೆ ಬೆರಳಿಟ್ಟಳು.

“ಕೆಂಪಂದು ಯಾಕ ಬರ್ತದ ಸುತ್ತ?”

“ನೀ ಕೈ ಎತ್ತಿ ಒಗದಿಯಲ್ಲ, ಅದಕ್ಕ. ವೈರಿ ಅಂತ ತಿಳಕೊಂಡದ ಅದು.”

“ನನ್ನ ಮಗಾ ನೋಡಿದ್ರೂ ಹಿಂಗ ಕಾಣ್ತೀನೇನ ನಾ?”

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಹೌದು ಎಂದೆ. ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಜೊತೆಗಾರ ಎದ್ದು ಅವಳ ಹತ್ತಿರ ಕೂತು, “ಸುಧಾರಸ್ತೀವಿ ದೊಡ್ಡವ್ವ, ಅದು ಕಲೀತದ. ಹಸರು ಬಂತಂದ್ರ ಮುಂಬೈದವ್ರು ಸಹಿ ಹಾಕ್ತಾರ, ನಮ್ಮ ಕಂಪನಿ ಉಳೀತದ,” ಎಂದ. “ಮತ್ತ ನಾ ಏನ ಮಾಡ್ಬೇಕು?” ಎಂದು ಕೇಳಿದಳು. “ಏನೂ ಮಾಡಬ್ಯಾಡ, ನಿನ್ನ ಪಾಡಿಗೆ ನೀ ಹಕ್ಕಿ ಕಾಯಿ,” ಎಂದೆ ನಾನು. ಆ ದಿನ ಅವಳು ಚಹಾ ಕುಡಿಯಿರಿ ಎನ್ನುವುದನ್ನೂ ಮರೆತಳು.

ಯಂತ್ರ ತಿದ್ದಲು ದೊಡ್ಡವ್ವ ಕವಣೆ ಬೀಸುವ ಚಿತ್ರ ಬೇಕಿತ್ತು. ಎಲ್ಲ ದಿಕ್ಕಿನಿಂದ, ಎತ್ತರದಿಂದ, ತಗ್ಗಿನಿಂದ ಹಿಡಿದು, ಇದು ಅಪಾಯವಲ್ಲ, ಇದು ಒಕ್ಕಲುತನ ಎಂದು ಅದಕ್ಕೆ ಹೇಳಿಕೊಡಬೇಕಿತ್ತು. ನಾನೇ ಅಟ್ಟಣಿಗೆ ಹತ್ತಿ ಬೀಸುತ್ತೇನೆ ಎಂದಾಗ ಜೊತೆಗಾರ ಒಪ್ಪಲಿಲ್ಲ. “ವೈರಿ ವೇಷನೂ ನಾವ ಹಾಕೀವಿ, ಈಗ ದೊಡ್ಡವ್ವನ ವೇಷನೂ ನಾವ ಹಾಕೋಣೇನ?” ಎಂದ. ಅವನು ಹೇಳಿದ್ದು ಖರೆ ಎನಿಸಿತು. ಮರುವಾರ ನಸುಕಿನಲ್ಲಿ ಮತ್ತೆ ಹತ್ತಿಕುಣಿಗೆ ಹೋದೆವು.

ಹೊಲದ ಬದುವಿಗೆ ಬಂದಾಗ ದೊಡ್ಡವ್ವ ಅಟ್ಟಣಿಗೆಯ ಮೇಲೆ ಬೀಸುತ್ತಿದ್ದಳು. ಕಲ್ಲು ಸುಂಯ್ ಎಂದು ಹೋಗುತ್ತಿತ್ತು, ಹಕ್ಕಿಯ ಹಿಂಡು ಎದ್ದು ಕೆರೆಯ ಕಡೆ ಹಾರುತ್ತಿತ್ತು. ಡ್ರೋನ್ ಮೇಲೇರಿತು. ಅದರ ಸಪ್ಪಳ ಕೇಳಿದ್ದೇ ತಡ, ದೊಡ್ಡವ್ವ ಕವಣೆಯನ್ನು ಕಾಲ ಬಳಿ ಇಟ್ಟು, ಕೈ ಎರಡೂ ಕೆಳಗೆ ಬಿಟ್ಟು ನೆಟ್ಟಗೆ ನಿಂತಳು.

“ಬೀಸು ದೊಡ್ಡವ್ವ, ಕವಣಿ ಬೀಸು!” ಎಂದು ಬದುವಿನಿಂದ ಕೂಗಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಹಾರಿಹೋಗಿದ್ದ ಹಕ್ಕಿಗಳು ತಿರುಗಿ ಬಂದು ತೆನೆಗಳ ಮೇಲೆ ಇಳಿದವು. ಅವಳ ಕಣ್ಣೆದುರಿಗೇ, ಕೈಗೆ ಎಟಕುವಷ್ಟು ಹತ್ತಿರದಲ್ಲಿ ತಿನ್ನತೊಡಗಿದವು. ಅವಳು ಅಲುಗಲಿಲ್ಲ.

ಪರದೆಯ ಮೇಲೆ ಅವಳ ಸುತ್ತ ಹಸಿರು ಚೌಕ ಬಂತು.

ಯಂತ್ರದಲ್ಲಿ ನಾವು ಒಂದಕ್ಷರವನ್ನೂ ತಿದ್ದಿರಲಿಲ್ಲ. ಅದೇ ಹೆಂಗಸು, ಅದೇ ಹೊಲ, ಹಸಿರು ಚೌಕ. ಮುಂಬೈಯವರು ಕೇಳಿದ್ದು ಅಷ್ಟೇ. ಜೊತೆಗಾರ ಪರದೆಯನ್ನೇ ನೋಡುತ್ತಿದ್ದ. ಅವನ ತಂಗಿಯ ಮದುವೆ ನನ್ನ ಮನಸ್ಸಿಗೆ ಬಂತು, ಗೋದಾಮಿನಲ್ಲಿ ಸಂಬಳಕ್ಕೆ ಕಾದವರೂ ಬಂದರು. ಕಳಿಸೋಣ ಎಂದು ಅವನು ಹೇಳಿದ್ದರೆ ಬೇಡ ಎನ್ನುವ ಬಾಯಿ ನನಗಿತ್ತೋ ಇಲ್ಲವೋ ಗೊತ್ತಿಲ್ಲ. ಅವನು ಹೇಳಲಿಲ್ಲ. “ಇದು ಕಳಸಾಕ ಬರಂಗಿಲ್ಲ,” ಎಂದು ಚಿತ್ರವನ್ನು ಅಳಿಸಿ, ಡ್ರೋನ್ ಇಳಿಸಿದ.

ನಾನು ಜೋಳದ ಸಾಲಿನಲ್ಲಿ ಹಾದು ಅಟ್ಟಣಿಗೆಯ ಬುಡಕ್ಕೆ ಹೋದೆ. ದೊಡ್ಡವ್ವ ಇನ್ನೂ ಹಾಗೆಯೇ ನಿಂತಿದ್ದಳು.

“ಹಸರು ಬಂತೇನ?” ಎಂದು ಮೇಲಿನಿಂದಲೇ ಕೇಳಿದಳು.

“ಬಂತು.”

ಅವಳ ಮುಖ ಅರಳಿತು. “ಹಂಗಾರ ರೊಕ್ಕ ಬರ್ತದ ನಿಮಗ. ಒಂದ ಸಾಲು ತೆನಿ ತಿಂದ್ವು ಹಕ್ಕಿ, ತಿನ್ನಲಿ ಬಿಡು. ನಿಮ್ಮ ಯಂತ್ರ ಇನ್ನೊಮ್ಮಿ ಬಂದ್ರೂ ನಾ ಕೈ ಎತ್ತಂಗಿಲ್ಲ.”

ನನಗೆ ಅಳು ಬಂತು. ಮುಖ ತಿರುಗಿಸಿ ಬದುವಿನ ಕಡೆ ನೋಡಿದೆ. ನನ್ನ ಜೊತೆಗಾರ ಡ್ರೋನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದ. ಅವನು ಹಾಕಿ ಮುಗಿಸುವವರೆಗೂ ದೊಡ್ಡವ್ವ ಕವಣೆಯನ್ನು ಮುಟ್ಟಲಿಲ್ಲ.