ಮೀಸೆ ತೆಗೆದ ಮಾಸ್ಟ್ರು

ನಮ್ಮ ಕಡೆಯವರ ಮದುವೆಗೆ ಹೋದರೆ ಯಾರಾದರೂ ಒಬ್ಬರು ನನ್ನ ಕೈ ಹಿಡಿದು ನಿಲ್ಲಿಸುವುದು ಖಂಡಿತ. ಊರು ಉಡುಪಿ ಕಡೆ, ಮನೆ ಮುಂಬೈ ಹತ್ತಿರದ ಡೊಂಬಿವಲಿ, ಮದುವೆ ಪಕ್ಕದೂರು ಕಲ್ಯಾಣದ ಯಾವುದೋ ಹಾಲ್‌ನಲ್ಲಿ. ಹಿಡಿದ ಕೈಯನ್ನು ಅವರು ಬಿಡುವುದಿಲ್ಲ. ಮುಖವನ್ನು ನನ್ನ ಮುಖದ ಹತ್ತಿರ ತಂದು ಕೇಳುತ್ತಾರೆ.

“ನಾನು ಯಾರು ಹೇಳು ನೋಡುವ?”

ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿರುವುದಿಲ್ಲ.

“ಗುರ್ತ ಸಿಕ್ಲಿಲ್ವಾ? ಸಣ್ಣದಿರುವಾಗ ನನ್ನ ಸೊಂಟದಿಂದ ಇಳೀತಿರ್ಲಿಲ್ಲ ನೀನು!”

“ಅಯ್ಯೋ, ನಿಮ್ಮ ಗುರ್ತ ಸಿಗದೆ ಇರ್ತದಾ?” ಎಂದು ನಗುತ್ತಾ ಅಮ್ಮನನ್ನು ಹುಡುಕುತ್ತೇನೆ. ಅಮ್ಮನಿಗೆ ಇದು ಅಭ್ಯಾಸ. ದೂರದಿಂದಲೇ “ಓ ಅತ್ತಿಗೆ, ಯಾವಾಗ ಬಂದದ್ದು?” ಎಂದು ಕೂಗುತ್ತಾ ಬರುತ್ತಾಳೆ. ಆಗ ನಾನೂ “ಅತ್ತೇ, ಹೇಗಿದ್ದೀರಿ?” ಎನ್ನುತ್ತೇನೆ. ಅಮ್ಮ ಊಟದ ಪಂಕ್ತಿಯಲ್ಲಿ ಸಿಕ್ಕಿಬಿದ್ದಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯಿತು.

ನನ್ನ ಕಣ್ಣು ಚೆನ್ನಾಗಿದೆ, ಕನ್ನಡಕವೂ ಇಲ್ಲ. ಎದುರಿಗಿದ್ದವರ ಮೂಗು, ಹುಬ್ಬು, ಗಲ್ಲದ ಮೇಲಿನ ಮಚ್ಚೆ, ಎಲ್ಲವೂ ಕಾಣುತ್ತದೆ. ಆದರೆ ಅವೆಲ್ಲ ಸೇರಿ ‘ಇವರು’ ಎಂಬ ಒಬ್ಬ ಮನುಷ್ಯ ನನ್ನ ತಲೆಯಲ್ಲಿ ಉಳಿಯುವುದಿಲ್ಲ. ಆಚೆ ತಿರುಗಿದರೆ ಸಾಕು, ಸ್ಲೇಟು ಒರೆಸಿದ ಹಾಗೆ. ಕಾಲೇಜು ಮುಗಿಯುವವರೆಗೂ ನಾನು ಇದನ್ನು ನನ್ನ ದಡ್ಡತನವೆಂದೇ ತಿಳಿದಿದ್ದೆ. ಒಂದು ದಿನ ಫೋನಿನಲ್ಲಿ ಯಾರೋ ಒಬ್ಬ ಹುಡುಗಿ ತನಗೂ ಹೀಗೇ ಆಗುತ್ತದೆ ಎಂದು ಹೇಳುವ ವಿಡಿಯೋ ನೋಡಿ, ಊಟದ ತಟ್ಟೆ ಬಿಟ್ಟು ಎದ್ದು ನಿಂತೆ. ಆಮೇಲೆ ಠಾಣೆಯ ಡಾಕ್ಟರೊಬ್ಬರು ಏನೇನೋ ಫೋಟೋ ತೋರಿಸಿ, ಪರೀಕ್ಷೆ ಮಾಡಿ, ಇದು ಹುಟ್ಟಿನಿಂದಲೇ ಇರುವಂಥದ್ದು, ಮಾತ್ರೆ ಇಲ್ಲ ಎಂದರು. ನನಗೆ ಖುಷಿಯಾಯಿತು. ಅಮ್ಮನಿಗೆ ಹೆದರಿಕೆಯಾಯಿತು.

“ಇದನ್ನು ನಮ್ಮ ಕನ್ನಡ ಸಂಘದಲ್ಲಿ ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡ. ನಾಳೆ ಹೆಣ್ಣು ಕೇಳ್ಲಿಕ್ಕೆ ಹೋದ್ರೆ, ಹುಡುಗನ ತಲೆ ಸರಿ ಇಲ್ವಂತೆ ಅಂತಾರೆ.”

“ಎಲ್ಲರಿಗೂ ಒಂದು ನಮಸ್ಕಾರ ಹಾಕು, ಮುಗೀತು,” ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

ಮುಗಿಯುವುದಿಲ್ಲ ಅಪ್ಪ. ಲೋಕಲ್ ರೈಲಿನಲ್ಲಿ ಎಲ್ಲರಿಗೂ ನಮಸ್ಕಾರ ಹಾಕುತ್ತಾ ಹೋದರೆ ನನ್ನ ಸ್ಟೇಷನ್ ದಾಟಿಹೋಗುತ್ತದೆ.

ಹಾಗಾಗಿ ನಾನೇ ಉಪಾಯ ಕಲಿತೆ. ನಡಿಗೆ ನೋಡುವುದು, ಕೆಮ್ಮು ಕೇಳುವುದು. ಯಾರ ಬ್ಯಾಗು ಯಾವ ಬಣ್ಣ, ಯಾರು ಯಾವ ಹೆಗಲಿಗೆ ಹಾಕುತ್ತಾರೆ, ಯಾರು ಪ್ಲಾಟ್‌ಫಾರ್ಮಿನಲ್ಲಿ ಯಾವ ಕಂಬದ ಹತ್ತಿರ ನಿಲ್ಲುತ್ತಾರೆ, ಎಲ್ಲ ಬಾಯಿಪಾಠ. ಆಫೀಸಿನಲ್ಲಿ ಎಲ್ಲರೂ ಅವರವರ ಕುರ್ಚಿಯಲ್ಲಿ ಕೂತಿರುವವರೆಗೆ ನಾನು ಎಲ್ಲರೊಡನೆ ಬೆರೆಯುವ, ಬಹಳ ಮಿಲನಸಾರ ಹುಡುಗ. ಅದೇ ಜನ ಐರೋಲಿ ಸ್ಟೇಷನ್ನಿನ ವಡಾಪಾವ್ ಗಾಡಿಯ ಹತ್ತಿರ ಸಿಕ್ಕಿದರೆ ನಾನು ಸೊಕ್ಕಿನವನು.

ಕಾಲಿಗೆ ಪ್ಲಾಸ್ಟರ್ ಹಾಕಿದವನಿಗೆ ಜನ ಜಾಗ ಬಿಡುತ್ತಾರೆ. ನನ್ನದಕ್ಕೆ ಎಲ್ಲಿ ಹಾಕುವುದು ಪ್ಲಾಸ್ಟರ್?

ಇಂಥ ನನಗೆ ಯಕ್ಷಗಾನದ ಹುಚ್ಚು ಹಿಡಿಯಿತು. ಹುಚ್ಚೆಂದರೆ ಹುಚ್ಚೇ. ಯಾಕೆಂದು ಕೇಳಿದರೆ, ರಂಗಸ್ಥಳದ ಮೇಲೆ ಬಂದವರೆಲ್ಲ ನನಗೆ ಗೊತ್ತಾಗುತ್ತಾರೆ! ಹಣೆಯ ನಾಮ, ಹುಬ್ಬಿನ ಗೆರೆ, ಕಿರೀಟದ ಆಕಾರ, ಕೆನ್ನೆಯ ಬಣ್ಣ. ಹಾಲ್‌ನ ಕಡೇ ಸಾಲಿನಿಂದ ನೋಡಿದರೂ ಇವನು ರಾಜ, ಇವನು ರಾಕ್ಷಸ ಎಂದು ಹೇಳಬಲ್ಲೆ. ಮುಖವೆಂದರೆ ಹೀಗಿರಬೇಕು ಅನ್ನಿಸಿತು. ವಿಡಿಯೋ ನೋಡಿ ನೋಡಿ, ಬಾತ್‌ರೂಮಿನ ಕನ್ನಡಿಯೆದುರು ನನ್ನ ಮುಖಕ್ಕೇ ಬಣ್ಣ ಬರೆದುಕೊಂಡು ಕಲಿತೆ. ಬಿಳಿ, ಹಳದಿ, ಕೆಂಪು ಪುಡಿಗಳನ್ನು ತೆಂಗಿನೆಣ್ಣೆಯಲ್ಲಿ ಎಷ್ಟು ಹದಕ್ಕೆ ಕಲಸಬೇಕೆಂದು ತಿಳಿಯದೆ ಅಮ್ಮನ ಟವೆಲ್ಲುಗಳನ್ನೆಲ್ಲ ಹಾಳು ಮಾಡಿದೆ.

ಊರಿನ ಮೇಳದ ಕಲಾವಿದರು ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ. ಡೊಂಬಿವಲಿಯ ನಮ್ಮ ಸಂಘದ್ದು ಹವ್ಯಾಸಿ ತಂಡ. ವಾರವಿಡೀ ಹೋಟೆಲು, ಆಫೀಸು ಎಂದು ಓಡಾಡಿದವರು ಭಾನುವಾರ ಕುಣಿಯುತ್ತಾರೆ. ಅವರಿಗೆ ಬಣ್ಣ ಬರೆಯಲು ಒಬ್ಬರು ಬೇಕು. ಅವರೇ ಮಾಸ್ಟ್ರು. ಠಾಣೆ ಸ್ಟೇಷನ್ನಿನ ಪಕ್ಕ ಕೋಪರಿಯಲ್ಲಿ ಒಂದು ಹೋಟೆಲಿನ ಚಹಾ ಕೌಂಟರ್ ಅವರದು. ಶನಿವಾರ ಸಂಜೆ ಸಂಘದ ಹಾಲ್‌ಗೆ ಬರುತ್ತಿದ್ದರು. ಬಿಳಿ ಅಂಗಿ, ಬಂಗಾರದ ಬಣ್ಣದ ಕನ್ನಡಕ, ಎರಡೂ ಕಡೆ ಮೇಲೆ ತಿರುಗಿದ ದೊಡ್ಡ ಮೀಸೆ. ನನ್ನಂಥವನಿಗೆ ಹೇಳಿ ಮಾಡಿಸಿದ ಮೀಸೆ ಅದು.

ತಿಂಗಳುಗಟ್ಟಲೆ ಅವರಿಗೆ ಬಣ್ಣ ಕಲಸಿ ಕೊಟ್ಟೆ. ಒಂದು ಶನಿವಾರ ನನ್ನ ಕಡೆ ನೋಡದೆಯೇ ಹೇಳಿದರು.

“ಈ ಸಲದ ವಾರ್ಷಿಕೋತ್ಸವಕ್ಕೆ ನಿನ್ನ ಕೈಗೆ ಕಡ್ಡಿ ಕೊಡ್ತೇನೆ. ಎರಡು ಮುಖ ನೀನೇ ಬರಿ. ಹಾಳು ಮಾಡಿದ್ರೆ ನಿನ್ನನ್ನೇ ರಾಕ್ಷಸ ಮಾಡಿ ಕುಣಿಸ್ತೇನೆ.”

ಕಡ್ಡಿಯೆಂದರೆ ಹುಬ್ಬು, ನಾಮಗಳ ಗೆರೆ ಎಳೆಯುವ ಸಣ್ಣ ಕಡ್ಡಿ. ಅದು ಕೈಗೆ ಬಂದರೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ನಾನೂ ಒಬ್ಬನಾದ ಹಾಗೆ. ಅದಕ್ಕಿಂತ ಹೆಚ್ಚು ಬೇಕಾದದ್ದು ನನಗೆ ಬೇರೊಂದಿರಲಿಲ್ಲ.

ವಾರ್ಷಿಕೋತ್ಸವದ ಭಾನುವಾರ ಬೇಗನೇ ಹೋದೆ. ಹೊಸದಾಗಿ ತಂದ ಬಣ್ಣದ ಡಬ್ಬಿ ಕಂಕುಳಲ್ಲಿತ್ತು. ಚೌಕಿಯಲ್ಲಿ ಕೆಲವರು ಅಂಗಿ ಬಿಚ್ಚಿ, ತಲೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬರು ಬನಿಯನ್ ಹಾಕಿಕೊಂಡು, ಕನ್ನಡಕವಿಲ್ಲದ, ನುಣ್ಣಗೆ ಕ್ಷೌರ ಮಾಡಿದ ಮುಖ ಹೊತ್ತು ಕೂತಿದ್ದರು. ಹೊಸಬರೆಂದುಕೊಂಡೆ. ಅಪ್ಪ ಹೇಳಿದ ಹಾಗೆ ಒಂದು ನಮಸ್ಕಾರ ಹಾಕಿದೆ.

“ನಮಸ್ಕಾರ. ಮಾಸ್ಟ್ರು ಬಂದ್ರಾ?”

ಯಾರೋ ಒಬ್ಬರು ಕಿಸಕ್ಕೆಂದು ನಕ್ಕರು.

“ಬಂದಿದ್ದಾನೆ ಮಾರಾಯ,” ಎಂದರು ಬೆಂಚಿನವರು. “ಮೊನ್ನೆ ಠಾಣೆ ಸ್ಟೇಷನ್ನಿಗೂ ಬಂದಿದ್ದ.”

ದನಿ ಮಾಸ್ಟ್ರದು. ಮೊನ್ನೆಯದು ಆಗ ನೆನಪಾಯಿತು. ಐರೋಲಿಯ ಆಫೀಸಿಗೆ ರೈಲುಗಾಡಿ ಹಿಡಿಯಲು ಬ್ರಿಡ್ಜ್ ಮೇಲೆ ಓಡುತ್ತಿದ್ದಾಗ, ಹೋಟೆಲಿನ ಕಂದು ಯೂನಿಫಾರ್ಮ್ ಹಾಕಿ ಹಾಲಿನ ಕ್ರೇಟ್ ಹಿಡಿದುಕೊಂಡ, ಮೀಸೆಯೂ ಕನ್ನಡಕವೂ ಇಲ್ಲದ ಒಬ್ಬರು ನನ್ನ ದಾರಿಗೇ ಅಡ್ಡ ನಿಂತು, ಹುಬ್ಬು ಹಾರಿಸಿ ನಕ್ಕಿದ್ದರು. ಮಾತಾಡಿರಲಿಲ್ಲ. ಅವರದೂ ಅದೇ ಪರೀಕ್ಷೆ ಇರಬೇಕು, ನಾನು ಯಾರು ಹೇಳು ನೋಡುವ. ನಾನು “ಸೈಡ್, ಸೈಡ್” ಎಂದು ಪಕ್ಕದಿಂದ ನುಗ್ಗಿ ಹೋಗಿದ್ದೆ.

ಸ್ತ್ರೀವೇಷ ಮಾಡುವವರು ಅವಸರದಲ್ಲಿ ಊರಿಗೆ ಹೋದದ್ದರಿಂದ, ಆ ಪಾತ್ರವನ್ನು ಮಾಸ್ಟ್ರೇ ಒಪ್ಪಿಕೊಂಡು ಮೀಸೆ ತೆಗೆದಿದ್ದರು. ಹಿಂದಿನ ದಿನ ನಾನು ಹಾಲ್‌ಗೆ ಹೋಗಿರಲಿಲ್ಲ. ಇದನ್ನು ನನಗೆ ಯಾರು ಹೇಳಬೇಕು?

“ಆಫೀಸಿನ ಸಾಯೇಬ್ರಿಗೆ ಹೋಟೆಲಿನವರ ಗುರ್ತ ಹಾಲ್ ಒಳಗೆ ಮಾತ್ರ,” ಎಂದರು ಭಾಗವತರು, ತಾಳ ಒರೆಸುತ್ತಾ. ತಂಡದ ಹಾಡುಗಾರರು ಅವರು. ಅವರ ಮಾತಿಗೆ ಎದುರು ಮಾತಿಲ್ಲ. “ಈಗ ಹಾಲ್ ಒಳಗೂ ಇಲ್ಲ. ಕಮಾಲ್ ಹೈ!”

ಅಮ್ಮನ ಮಾತು ನೆನಪಿತ್ತು. ಆದರೂ ಹೇಳಿಬಿಟ್ಟೆ. ಡಾಕ್ಟರು, ಫೋಟೋ, ಹುಟ್ಟಿನಿಂದ ಬಂದದ್ದು, ಎಲ್ಲ. ಮಾಸ್ಟ್ರು ಪೂರ್ತಿ ಕೇಳಿಸಿಕೊಂಡರು.

“ಅದೆಂಥ ಕಾಯಿಲೆ ಮಾರಾಯ? ಕಡೇ ಸಾಲಿನಿಂದ ವೇಷದ ನಾಮ ಸೊಟ್ಟ ಇರುವುದು ಕಾಣ್ತದೆ, ನನ್ನ ಮುಖ ಕಾಣುವುದಿಲ್ವಾ? ಮುಖ ಗೊತ್ತಾಗದವ ಮುಖ ಬರೀತಾನಾ?”

“ವೇಷ ಬೇರೆ ಮಾಸ್ಟ್ರೇ, ಅದರಲ್ಲಿ ಗುರ್ತು ಇರ್ತದೆ...”

“ನೋಡಿಯೇ ಬಿಡುವ,” ಎಂದರು ಭಾಗವತರು. “ಎಲ್ರೂ ಸಾಲಾಗಿ ನಿಲ್ಲಿ. ಯಾರೂ ಮಾತಾಡ್ಬಾರ್ದು. ಹೇಳು ಮಗಾ, ಇವರು ಯಾರು?”

ನಿಂತರು. ಬರಿಮೈ, ತಲೆಗೆ ಒಂದೇ ಥರದ ಬಟ್ಟೆ, ತುಟಿಯ ಮೇಲೆ ನಗು ತಡೆದುಕೊಂಡ ಮುಖಗಳ ಒಂದು ಸಾಲು. ನನಗೆ ಎಷ್ಟು ಅವಮಾನವಾಯಿತೆಂದರೆ ಓಡಿಹೋಗಬೇಕಿತ್ತು. ಓಡಲಿಲ್ಲ. ಗೆಲ್ಲಬೇಕೆಂಬ ಚಟ. ಮೊದಲನೆಯವರ ಮೊಣಕೈ ಕೆಳಗೆ ಎಣ್ಣೆ ಸಿಡಿದ ಹಳೆಯ ಕಲೆಯಿತ್ತು. ಶಹಾಡ್‌ನ ಕ್ಯಾಂಟೀನಿನ ಚಿಕ್ಕಪ್ಪ, ಹೇಳಿದೆ. ಎರಡನೆಯವರ ಕತ್ತಿನಲ್ಲಿ ಬೆಳ್ಳಿಯ ತಾಯಿತ. ಬ್ಯಾಂಕಿನ ಅಣ್ಣ, ಹೇಳಿದೆ. ಮೂರನೆಯವರಿಗೆ ನಿಂತಲ್ಲೇ ಎಡಗಾಲು ಅಲುಗಾಡಿಸುವ ಅಭ್ಯಾಸ. ಅವರು ಯಾರೆಂದೂ ಹೇಳಿದೆ. ನಾಲ್ಕನೆಯವರ ಗುರ್ತ ನನಗೆ ಸಿಗಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

“ನೋಡಿ! ಎಲ್ಲ ಗೊತ್ತಾಗ್ತದೆ ಇವನಿಗೆ!” ಭಾಗವತರು ತೊಡೆ ತಟ್ಟಿ ನಕ್ಕರು. “ನಾಟಕ ಮಾಡುವುದಾದ್ರೆ ಸ್ಟೇಜಿಗೆ ಬಾ, ಚೌಕಿಯಲ್ಲಿ ಬೇಡ.”

ಇಷ್ಟು ವರ್ಷ ಕಷ್ಟಪಟ್ಟು ಕಲಿತ ಉಪಾಯಗಳೇ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದವು. ಏನೂ ಕಲಿಯದೆ ಪೆದ್ದನ ಹಾಗೆ ನಿಂತಿದ್ದರೆ ನಂಬುತ್ತಿದ್ದರೋ ಏನೋ. ಈ ಸಿಟ್ಟು ಇವತ್ತಿಗೂ ಇಳಿದಿಲ್ಲ.

“ನಾವು ಚಹಾ ಮಾಡುವವರು,” ಎಂದರು ಮಾಸ್ಟ್ರು, ಮೆಲ್ಲಗೆ. “ಗುರ್ತ ಹೇಳ್ಲಿಕ್ಕೆ ನಾಚಿಕೆಯಾದ್ರೆ ಬೇಜಾರಿಲ್ಲ. ಕಾಯಿಲೆಯ ಹೆಸರು ಹೇಳ್ಬೇಡ. ಹೋಗು, ಹಳದಿ ಕಲಸು.”

ಕಲಸಿದೆ. ಕಡ್ಡಿ ಸಿಗಲಿಲ್ಲ. ಮೂರು ತಾಸಿನ ಆಟದಲ್ಲಿ ನಾನು ಚೌಕಿಯ ಮೂಲೆಯಲ್ಲಿ ಕೂತು, ಪರದೆಯ ಸಂದಿಯಿಂದ ಮಾಸ್ಟ್ರ ಸ್ತ್ರೀವೇಷ ನೋಡಿದೆ. ಬಣ್ಣ ಹಚ್ಚಿದ ಮೇಲೆ ಅವರನ್ನು ಎಷ್ಟು ದೂರದಿಂದಲೂ ಗುರುತಿಸಬಲ್ಲವನಾಗಿದ್ದೆ. ಏನು ಪ್ರಯೋಜನ?

ಆಮೇಲೆ ಶನಿವಾರ ಹಾಲ್‌ಗೆ ಹೋಗುವುದು ಬಿಟ್ಟೆ. ಆದರೆ ‘ನಾಚಿಕೆಯಾದ್ರೆ’ ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. ದಿನಾ ಠಾಣೆಯಲ್ಲಿ ಗಾಡಿ ಬದಲಿಸುವಾಗ ಕಂದು ಯೂನಿಫಾರ್ಮ್ ಹುಡುಕತೊಡಗಿದೆ. ಸಿಕ್ಕಿದರೆ ಎಲ್ಲರೆದುರೇ ಕಾಲು ಹಿಡಿಯುವುದೆಂದು ತೀರ್ಮಾನಿಸಿದ್ದೆ.

ಒಂದು ಬೆಳಿಗ್ಗೆ ಸಿಕ್ಕಿದರು. ಕೋಪರಿ ಕಡೆಯ ಮೆಟ್ಟಿಲ ಕೆಳಗೆ, ಅದೇ ಯೂನಿಫಾರ್ಮ್, ಅದೇ ಎತ್ತರ, ಕೈಯಲ್ಲಿ ಹಾಲಿನ ಕ್ರೇಟ್. ನುಗ್ಗಿ ಹೋಗಿ, ಬಗ್ಗಿ ಪಾದ ಮುಟ್ಟಿದೆ.

“ಮಾಸ್ಟ್ರೇ, ನನಗೆ ನಾಚಿಕೆ ಇಲ್ಲ. ದೇವರಾಣೆ ಇಲ್ಲ. ನಿಮ್ಮ ಹತ್ರ ಕಲೀತಿದ್ದೇನೆ ಅಂತ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗ್ತೇನೆ. ಮೀಸೆ ಇಲ್ಲದ್ದಕ್ಕೆ ಗೊತ್ತಾಗ್ಲಿಲ್ಲ, ಅಷ್ಟೇ. ನನಗೆ ಕಡ್ಡಿ ಕೊಡ್ಬೇಡಿ, ಪರವಾಗಿಲ್ಲ, ಸುಳ್ಳ ಅಂತ ಮಾತ್ರ...”

“ಅರೇ ಭಾಯಿ, ಪೈರ್ ಕ್ಯೂಂ ಪಕಡ್ ರಹಾ ಹೈ?” ಕಾಲು ಯಾಕೆ ಹಿಡೀತೀ ಎನ್ನುತ್ತಾ ಆತ ಗಾಬರಿಯಿಂದ ಹಿಂದೆ ಸರಿದ. ಕ್ರೇಟ್‌ನಿಂದ ಒಂದು ಹಾಲಿನ ಪ್ಯಾಕೆಟ್ ಬಿದ್ದು ಒಡೆಯಿತು. “ಕೌನ್ ಮಾಸ್ಟರ್?”

ಜನ ನಿಂತು ನೋಡುತ್ತಿದ್ದರು. ನನ್ನ ಶೂ ಮೇಲೆ ಹಾಲು. ಆಗ ಮೆಟ್ಟಿಲ ಮೇಲಿನಿಂದ, ಅದೇ ಬಟ್ಟೆಯಲ್ಲಿ, ಇನ್ನೊಬ್ಬರು ಕ್ರೇಟ್ ಹಿಡಿದು ನಿಧಾನವಾಗಿ ಇಳಿದು ಬಂದರು.

“ಅವ ನಮ್ಮ ಹೋಟೆಲಿಗೆ ಹೊಸದಾಗಿ ಸೇರಿದ ಹುಡುಗ,” ಎಂದರು. ಮಾಸ್ಟ್ರ ದನಿ. ಮೀಸೆ ಇನ್ನೂ ಅರ್ಧವಷ್ಟೇ ಬೆಳೆದಿತ್ತು. “ನಾನು ಇಲ್ಲಿದ್ದೇನೆ.”

ನಾನು ಎದ್ದು ನಿಂತೆ. ಅಳು ಬರುವಷ್ಟು ಸಿಟ್ಟು. ಅವರ ಮೇಲೋ, ನನ್ನ ಮೇಲೋ, ಹಾಲಿನ ಮೇಲೋ ತಿಳಿಯಲಿಲ್ಲ. ಮಾಸ್ಟ್ರು ಆ ಹುಡುಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವನಿಗೂ ಅವರಿಗೂ ಬಟ್ಟೆ, ಎತ್ತರ ಬಿಟ್ಟರೆ ಯಾವ ಹೋಲಿಕೆಯೂ ಇಲ್ಲವಂತೆ. ಅವನು ಅವರ ಅರ್ಧ ವಯಸ್ಸಿನವನಂತೆ. ಇದೆಲ್ಲ ಅವರೇ ಆಮೇಲೆ ಹೇಳಿದ್ದು.

“ನಿಜವಾ ಮಾರಾಯ?” ಎಂದರು ಕಡೆಗೆ.

“ಆವತ್ತೂ ನಿಜವೇ ಹೇಳಿದ್ದು.”

“ಶನಿವಾರ ಬಾ.”

ಹೋದೆ. ಮಾಸ್ಟ್ರು ಕ್ಷಮೆ ಕೇಳಲಿಲ್ಲ. ಬದಲಿಗೆ ಹಾಲ್‌ನ ನಡುವೆ ನಿಂತು, ಅಮ್ಮ ಯಾವುದನ್ನು ಮುಚ್ಚಿಡು ಎಂದಿದ್ದಳೋ ಅದನ್ನು ಮೈಕ್ ಇಲ್ಲದೆಯೇ ಸಾರಿದರು. “ಪಾಪ, ಇವನಿಗೆ ಮುಖ ಗೊತ್ತಾಗುವುದಿಲ್ಲ. ಯಾರೂ ಬೇಜಾರು ಮಾಡ್ಕೊಳ್ಬೇಡಿ.” ಬೇಜಾರು ಯಾರೂ ಮಾಡಿಕೊಳ್ಳಲಿಲ್ಲ. ಎಲ್ಲರೂ ಸಾಲುಗಟ್ಟಿ ಬಂದು ಕೇಳಿದರು, “ಹೌದಾ? ಹಾಗಾದ್ರೆ ನಾನು ಯಾರು ಹೇಳು?” ಕಾಮೋಠೆಯಿಂದ ಬಂದಿದ್ದ ಒಬ್ಬ ಅಜ್ಜಿಯಂತೂ, ನಾನು ಅವರನ್ನು ಮೊದಲ ಸಲ ನೋಡುತ್ತಿದ್ದರೂ, ಬಿಡದೆ ಕೇಳಿದರು. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆದರೂ ಆ ಸಂಜೆ ಮಾಸ್ಟ್ರು ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದು, ಕಡ್ಡಿಯನ್ನು ನನ್ನ ಕೈಯಲ್ಲಿಟ್ಟು, ಮುಖ ಮುಂದೆ ಚಾಚಿದರು. ಬಣ್ಣ ಬರೆಯುವಾಗ ಕೂತವರು ಮಾತಾಡಬಾರದು, ಅಲುಗಾಡಬಾರದು. ಇದು ಅವರೇ ಕಲಿಸಿದ ನಿಯಮ. ಎಡಹುಬ್ಬಿನ ಗೆರೆಯ ನಡುವೆ ಬಂದಿದ್ದೆ. ಅವರು ಕೆಮ್ಮಿದರು. ಮತ್ತೆ ಸ್ವಲ್ಪ ಹೊತ್ತಿಗೆ ಗಂಟಲು ಕೆರೆದರು. ಗೆರೆ ಸೊಟ್ಟಗಾಯಿತು.

“ಏನು ಮಾಸ್ಟ್ರೇ?”

“ಅಲ್ಲ, ನಾನೇ ಅಂತ ನಿನಗೆ ಗೊತ್ತಾಗ್ಲಿ ಅಂತ...”

“ಗೊತ್ತುಂಟು! ಸುಮ್ಮನೆ ಕೂತ್ಕೊಳ್ಳಿ!” ಎಂದು ರೇಗಿ, ಬಟ್ಟೆಯಿಂದ ಹುಬ್ಬು ಒರೆಸಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.